ಯಾವ ಮೀನಿನ ಜೊತೆ ಯಾವ ಮೀನು? ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ

"ಚಿಕ್ಕ ಟ್ಯಾಂಕು ತಗೊಂಡಿದ್ದೀವಿ, ಯಾವ್ಯಾವ ಮೀನು ಒಟ್ಟಿಗೆ ಹಾಕಬಹುದು? ಬಸವನಹುಳುನೂ ಹಾಕಬಹುದಾ?"

ನಮ್ಮ ಮನೆಯಲ್ಲಿ ಮೀನು ಸಾಕಿದ್ದೇವೆ ಅನ್ನುವುದು ಕೋಲಾರದಲ್ಲಿ ಅರ್ಧ ಜನಕ್ಕೆ ಗೊತ್ತಾಗಿಬಿಟ್ಟಿದೆ. ಕನ್ನಡದಲ್ಲಿ ಕೇಳುತ್ತಾರೆ, ತೆಲುಗಿನಲ್ಲಿ ಕೇಳುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹೊರಡುವ ಹೊತ್ತಿಗೆ ಕೇಳುತ್ತಾರೆ. ನಿಂತು ಕೇಳುವ ಪುರುಸೊತ್ತು ಅವರಿಗಿಲ್ಲ, ಮೊದಲಿಂದ ಹೇಳುವ ತಾಳ್ಮೆ ನನಗೆ ಉಳಿದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡುತ್ತೇನೆ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಕೇಳುವ ರೀತಿಯಾದರೂ ಸರಿ ಇದೆಯಾ? "ಒಂದು ಕೆಂಪು, ಒಂದು ಕಪ್ಪು, ಮಧ್ಯೆ ಒಂದು ಹಳದಿ ಬಸವನಹುಳು ಬಿಟ್ರೆ ಚೆನ್ನಾಗಿ ಕಾಣುತ್ತಲ್ವಾ?" ಸೀರೆಗೆ ಬ್ಲೌಸ್ ಪೀಸ್ ಆರಿಸಿದ ಹಾಗೆ.

ಜಗಳದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಎರಡು ಗಂಡು ಫೈಟರ್ ಮೀನು ಒಂದೇ ಟ್ಯಾಂಕಿನಲ್ಲಿ ಬೇಡ. ಫೈಟರ್ ಜೊತೆ ಉದ್ದ ಬಾಲದ ಗಂಡು ಗಪ್ಪಿಯೂ ಬೇಡ, ಅದನ್ನೂ ಎದುರಾಳಿ ಅಂದುಕೊಂಡು ಬಾಲ ಹರಿಯುತ್ತದೆ. ಟೈಗರ್ ಬಾರ್ಬ್ ಯಾರ ರೆಕ್ಕೆಯನ್ನೂ ಬಿಡುವುದಿಲ್ಲ. ಏಂಜಲ್ ಮರಿಯಾಗಿದ್ದಾಗ ಸಾಧು, ಬೆಳೆದ ಮೇಲೆ ನಿಯಾನ್ ಟೆಟ್ರಾ ಅದಕ್ಕೆ ತಿಂಡಿ. ಪಫರ್ ಇದ್ದರೆ ಬಸವನಹುಳು ಉಳಿಯುವುದಿಲ್ಲ, ಪಫರ್‌ಗೆ ಅದೇ ಊಟ. ಫ್ಲವರ್‌ಹಾರ್ನ್ ಜೊತೆಗೆ ಯಾವುದು ಅಂದರೆ, ಯಾವುದೂ ಇಲ್ಲ.

ಇಷ್ಟನ್ನು ಅಂಗಡಿಯವರೂ ಹೇಳುತ್ತಾರೆ, ಮನಸ್ಸಿದ್ದರೆ. ಅವರು ಹೇಳದೆ ಇರುವುದು ಬೇರೆ ಇದೆ.

ಬಂಗಾರಪೇಟೆಯಲ್ಲಿ ನೆಂಟರ ಮನೆ ಗೃಹಪ್ರವೇಶ. ವರಸೆಯಲ್ಲಿ ನನಗೆ ದೊಡ್ಡಪ್ಪ. ಇನ್ನೂ ಚಪ್ಪಲಿ ಬಿಟ್ಟಿಲ್ಲ, "ಬಾರಮ್ಮಾ, ನಿನಗೇ ಕಾಯ್ತಿದ್ದೆ" ಅಂತ ಕೈ ಹಿಡಿದು ಹಾಲಿಗೆ ಕರೆದುಕೊಂಡು ಹೋದರು. ದೇವರ ಮನೆ ಪಕ್ಕದಲ್ಲಿ ಹೊಸ ಟ್ಯಾಂಕ್. ಒಂದೂವರೆ ಅಡಿ ಉದ್ದ, ಹೆಚ್ಚೆಂದರೆ 30 ಲೀಟರ್ ನೀರು. ಅದರಲ್ಲಿ ಎಂಟು ಬಂಗಾರದ ಬಣ್ಣದ ಗೋಲ್ಡ್‌ಫಿಶ್, ಒಂದು ಕಪ್ಪು. ತಳ ಕ್ಲೀನ್ ಮಾಡಲಿ ಅಂತ ಒಂದು ಸಕ್ಕರ್ ಮೀನು, ಗಾಜು ಕ್ಲೀನ್ ಮಾಡಲಿ ಅಂತ ಆಪಲ್ ಸ್ನೇಲ್ ಅನ್ನುವ ಹಳದಿ ಬಸವನಹುಳು. ಟ್ಯಾಂಕಿಗೆ ನೀರು ತುಂಬಿ ಎರಡು ದಿನವೂ ಆಗಿರಲಿಲ್ಲ.

ಗೋಲ್ಡ್‌ಫಿಶ್ ಅಷ್ಟೂ ಮೇಲಕ್ಕೆ ಬಂದು ಬಾಯಿ ತೆಗೆದು ಮುಚ್ಚುತ್ತಿದ್ದವು. "ತಾತಾ, ಮೀನು ಮುತ್ತು ಕೊಡ್ತಿದೆ" ಅಂತ ಮೊಮ್ಮಗಳು ಗಾಜಿಗೆ ಮುಖ ಒತ್ತಿ ನಿಂತಿದ್ದಳು. ಅದು ಮುತ್ತಲ್ಲ, ಉಸಿರು ಕಟ್ಟಿದ್ದು ಅಂತ ಮಗುವಿಗೆ ಹೇಗೆ ಹೇಳುವುದು?

"ಇದಕ್ಕೆ ಇನ್ನೂ ಏನೇನು ಹಾಕಬಹುದು?" ಅಂದರು ದೊಡ್ಡಪ್ಪ.

"ಯಾವ್ದು ಮೊದಲು ತೆಗೀಬೇಕು ಅಂತ ಕೇಳಿ ದೊಡ್ಡಪ್ಪಾ" ಅಂದೆ.

ಅವರ ಮುಖ ಚಿಕ್ಕದಾಯಿತು. ಒಂಬತ್ತರ ಲೆಕ್ಕ ತಪ್ಪಬಾರದಂತೆ, ವಾಸ್ತು ಅಂತೆ. ಎಂಟು ಮತ್ತೊಂದರ ಆ ಲೆಕ್ಕ ಚೀನಾದವರ ಫೆಂಗ್ ಶೂಯಿಯದ್ದು, ನಮ್ಮ ವಾಸ್ತುವಿಗೂ ಅದಕ್ಕೂ ಸಂಬಂಧ ಇಲ್ಲ. ಹೇಳಿದೆ, ಅವರು ನಂಬಲಿಲ್ಲ. ಸಾಕುವ ಗೋಲ್ಡ್‌ಫಿಶ್ ಒಂದೊಂದೂ ಗೇಣುದ್ದ ಬೆಳೆಯುತ್ತದೆ, ಸಕ್ಕರ್ ಒಂದಡಿ ದಾಟುತ್ತದೆ ಅಂದೆ. "ಬೆಳೆದಾಗ ನೋಡಿಕೊಳ್ಳೋಣ" ಅಂದರು. ಹೊಸ ನೀರಲ್ಲಿ ಮೀನಿನ ಹೇಲು ಕೊಳೆತು ಅಮೋನಿಯ ಆಗುತ್ತದೆ, ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು, ಅಷ್ಟರೊಳಗೆ ಇಷ್ಟು ಮೀನು ಬಿಟ್ಟರೆ ಅದು ವಿಷದ ತೊಟ್ಟಿ ಅಂತಲೂ ಹೇಳಿದೆ. ಶುಭದ ದಿನ ಇಂಥ ಮಾತು ಯಾಕೆ ಅಂತ ಯಾರೋ ಹಿಂದಿನಿಂದ ಗೊಣಗಿದರು. ಹೌದು, ನಾನು ಹೋದ ಕಡೆಯೆಲ್ಲ ಹೀಗೇ. ಕರೆದು ಕೇಳಿದ್ದು ಅವರು, ಕೆಟ್ಟವಳಾಗುವುದು ನಾನು.

"ನೀರು ಮಾತ್ರ ಫಸ್ಟ್ ಕ್ಲಾಸ್. ನಾವು ಕುಡಿಯೋ ಕ್ಯಾನ್ ನೀರೇ ಹಾಕಿದ್ದೀವಿ" ಅಂತ ಸೇರಿಸಿದರು.

ಊಟಕ್ಕೆ ಕೂತಾಗ ದೊಡ್ಡಮ್ಮ ಸಾರು ಬಡಿಸುತ್ತಾ ಬಂದವರು ಎಲೆ ಮುಂದೆ ನಿಂತು ಕೇಳಿದರು: "ಅಲ್ಲಮ್ಮಾ, ನಮ್ಮ ಬೋರ್ ನೀರಲ್ಲಿ ಬೇಳೇನೇ ಬೇಯಲ್ಲ. ಅಂಥ ನೀರಲ್ಲಿ ಮೀನು ಬದುಕುತ್ತಾ?"

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು. ಇಷ್ಟು ಜನ ಕೇಳಿದ್ದಾರೆ, ನೀರಿನ ಬಗ್ಗೆ ಕೇಳಿದವರು ಅವರೊಬ್ಬರೇ. ಎಲೆ ಮೇಲಿನ ಹೋಳಿಗೆ ಬಿಟ್ಟು ಉತ್ತರ ಕೊಟ್ಟೆ.

ಬೇಳೆ ಬೇಯದೆ ಇರುವುದಕ್ಕೆ ಕಾರಣ ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅವು ಬೇಳೆಯೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಸೋಪು ನೊರೆ ಬರದೆ ಇರುವುದಕ್ಕೂ, ಬಕೆಟ್ಟಿಗೆ ಬಿಳಿ ಕಟ್ಟುವುದಕ್ಕೂ ಅವೇ ಕಾರಣ. ಆದರೆ ಬಸವನಹುಳುವಿನ ಚಿಪ್ಪೂ ಕ್ಯಾಲ್ಸಿಯಂನದ್ದೇ. ನಾವು ಬೈದುಕೊಳ್ಳುವ ನೀರು ಅದಕ್ಕೆ ಬೇಕಾದ ನೀರು. ಗಪ್ಪಿ, ಪ್ಲಾಟಿ, ಮೋಲಿಗೂ ಗಡಸು ನೀರೇ ಇಷ್ಟ. ಗಪ್ಪಿ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಸೊಳ್ಳೆಮರಿ ತಿನ್ನಲಿ ಅಂತ ಬಾವಿಗಳಿಗೆ ಬಿಟ್ಟು ಮಲೇರಿಯಾ ತಡೆದ ಊರುಗಳು ಇಲ್ಲಿವೆ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯದು, ಮೆದು ನೀರಿನದು. ಅದನ್ನು ತಂದು ನಮ್ಮ ಬೋರ್ ನೀರಿಗೆ ಬಿಟ್ಟು "ಯಾಕೋ ಡಲ್ ಆಗಿದೆ" ಅಂದರೆ ನಾನೇನು ಮಾಡಲಿ?

ಇನ್ನು ಕ್ಯಾನ್ ನೀರು. ಫ್ಲೋರೈಡ್ ಕಾಟ ಇರುವ ಸೀಮೆ, ನಾವು ಕುಡಿಯೋಕೆ ಅದೇ ಸರಿ. ಆದರೆ ಆ ನೀರನ್ನು ಶುದ್ಧ ಮಾಡುವ ಆರ್‌ಒ ಯಂತ್ರ ಫ್ಲೋರೈಡ್ ಜೊತೆ ಕ್ಯಾಲ್ಸಿಯಂ ಅನ್ನೂ ತೆಗೆದುಹಾಕುತ್ತದೆ. ಆ ನೀರನ್ನೇ ತುಂಬಿದ ಟ್ಯಾಂಕಿನಲ್ಲಿ ದಿನ ಕಳೆದಂತೆ ನೀರು ಹುಳಿಯಾಗುತ್ತದೆ, ಬಸವನಹುಳುವಿನ ಚಿಪ್ಪು ಕರಗೋಕೆ ಶುರುವಾಗುತ್ತದೆ. ಕೈಗೆ ತಗೊಂಡು ನೋಡಿ. ಸುರುಳಿಯ ತುದಿಯಲ್ಲಿ ಮೊದಲು ಹೊಳಪು ಹೋಗುತ್ತದೆ, ಆಮೇಲೆ ಬಿಳಿ ಚುಕ್ಕೆ, ಆಮೇಲೆ ಸಣ್ಣ ಗುಳಿ. ಉಗುರಲ್ಲಿ ಮುಟ್ಟಿದರೆ ಪುಡಿ ಬರುತ್ತದೆ. ಮನೆಯವರು ಅದನ್ನು ವಯಸ್ಸಾಗಿದೆ ಅಂದುಕೊಳ್ಳುತ್ತಾರೆ.

ಬಸವನಹುಳು ಕಸ ಗುಡಿಸುವ ಆಳಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಮೀನಿನ ಹೇಲು ತಿನ್ನುವುದಿಲ್ಲ, ತನ್ನದನ್ನೂ ಸೇರಿಸುತ್ತದೆ. ಪಾಚಿ, ಉಳಿದ ತಿಂಡಿ ತಿನ್ನುತ್ತದೆ. ಸಾಲದಿದ್ದರೆ ಬೇಯಿಸಿದ ಪಾಲಕ್, ಸೌತೆಕಾಯಿ ಹಾಕಬೇಕು. ಸುಮ್ನೆ ಕೂತು ನೋಡಿದರೆ ಮೀನಿಗಿಂತ ಅದೇ ಚೆಂದ. ಗಾಜು ಹತ್ತಿಕೊಂಡು ಮೇಲಿನವರೆಗೆ ಬರುತ್ತದೆ, ಮೈ ಪಕ್ಕದಿಂದ ಒಂದು ಮೆದು ಕೊಳವೆ ಚಾಚಿ ನೀರಿನಿಂದ ಹೊರಗಿಡುತ್ತದೆ, ಮೈ ಹಿಂದೆ ಮುಂದೆ ಆಡಿಸಿ ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೇ ಟ್ಯಾಂಕನ್ನು ಕಂಠಪೂರ್ತಿ ತುಂಬಬೇಡಿ, ಮೇಲೆ ಮುಚ್ಚಳ ಇರಲಿ. ನೀರಿನ ಮಟ್ಟದ ಮೇಲೆ ಗಾಜಿಗೆ ಗುಲಾಬಿ ಬಣ್ಣದ ಗೊಂಚಲು ಅಂಟಿದ್ದರೆ ಅದು ಮೊಟ್ಟೆ. ಮರಿ ಬೇಡವಾದರೆ ಕೆರೆದು ತೆಗೆಯಿರಿ.

ಹಾಗಾದರೆ 30 ಲೀಟರಿಗೆ ಏನು? ನಾನಾದರೆ ಐದಾರು ಗಂಡು ಗಪ್ಪಿ, ಒಂದು ಆಪಲ್ ಸ್ನೇಲ್. ಗಂಡು ಮಾತ್ರ ಯಾಕೆ ಅಂದರೆ, ಹೆಣ್ಣು ಗಪ್ಪಿ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಅಂಗಡಿಯಿಂದ ಬರುವಾಗಲೇ ಬಸುರಿಯಾಗಿರುತ್ತದೆ. ಆಮೇಲೆ ಗಂಡು ಇಲ್ಲದಿದ್ದರೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಬೋರ್ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟು ಹಾಕಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಚಳಿ ಜಾಸ್ತಿ, ಚಿಕ್ಕ ಹೀಟರ್ ಇರಲಿ. ಮೀನಿಗೆ ಬಿಳಿ ಚುಕ್ಕೆ ಬಂತು ಅಂತ ಔಷಧಿ ತಂದರೆ ಚೀಟಿ ಓದಿ. ತಾಮ್ರ ಇದ್ದರೆ ಮೀನು ಉಳಿದರೂ ಬಸವನಹುಳು ಸಾಯುತ್ತದೆ.

ದೊಡ್ಡಪ್ಪ ಆಮೇಲೆ ಫೋನ್ ಮಾಡಿದ್ದರು. ಸಕ್ಕರ್ ಮಾತ್ರ ಉಳಿದಿದೆ, ಊರ ಕೆರೆಗೆ ಬಿಟ್ಟುಬಿಡಲಾ ಅಂತ. ಬಿಡಬೇಡಿ ಅಂದೆ. ಹಾಗೆ ಬಿಟ್ಟು ಬಿಟ್ಟೇ ದೇಶದ ಎಷ್ಟೋ ಕೆರೆಗಳಲ್ಲಿ ಬಲೆಗೆ ಬರೀ ಸಕ್ಕರ್ ಬೀಳುವಂತಾಗಿದೆ. ಅದನ್ನು ತಿನ್ನುವವರಿಲ್ಲ, ಅದರ ಮುಳ್ಳಿಗೆ ಬಲೆ ಹರಿಯುತ್ತದೆ. ಕೊಟ್ಟ ಅಂಗಡಿಗೇ ವಾಪಸ್ ಕೊಡಿ, ದುಡ್ಡು ಕೇಳಬೇಡಿ, ತಗೊಳ್ಳುತ್ತಾರೆ ಅಂದೆ. ದುಡ್ಡು ಕೇಳದೆ ಹೇಗಮ್ಮಾ ಕೊಡೋದು ಅಂತ ಅರ್ಧ ಗಂಟೆ ವಾದ ಮಾಡಿದರು. ಆಮೇಲೆ ದೊಡ್ಡಮ್ಮ ಫೋನ್ ಕಿತ್ತುಕೊಂಡು, ಬೋರ್ ನೀರಿಗೆ ಗಪ್ಪಿ ಎಲ್ಲಿ ಸಿಗುತ್ತೆ ಅಂತ ಕೇಳಿದರು.