ಸೋಮೇಶ್ವರದ ಬಂಡೆ, ಮೂರನೇ ಸುತ್ತು: ಸಿಂಪಿ ನಿಂತಲ್ಲೇ, ಹುಳು ಮಾತ್ರ ನಾಪತ್ತೆ

ಸೋಮೇಶ್ವರದ ಕಡಲಂಚಿನ ಬಂಡೆಯ ಮೇಲೆ ಯಾವ ಜೀವಿ ಎಷ್ಟು ಎತ್ತರದಲ್ಲಿ ಇರುತ್ತದೆ ಅಂತ ಅಳೆಯುತ್ತಿದ್ದೇನೆ. ಕಳೆದ ಸಲದ ಅಳತೆಗಳನ್ನೆಲ್ಲ ಹೊಡೆದುಹಾಕಿದ್ದೇನೆ. ಎತ್ತರ ಅಳೆಯಲು ಪರಿಚಯದ ಮೇಸ್ತ್ರಿಯಿಂದ ಲೆವೆಲ್ ಪೈಪ್ (ಎರಡು ಕಡೆಯ ಮಟ್ಟ ಹೋಲಿಸಲು ನೀರು ತುಂಬಿದ ಪೈಪ್) ಇಸ್ಕೊಂಡು ಹೋಗಿದ್ದೆ. ಪೈಪಿನೊಳಗೆ ಗಾಳಿಗುಳ್ಳೆ ನಿಂತಿದ್ದನ್ನು ನೋಡಲೇ ಇಲ್ಲ. ಮನೆಗೆ ಬಂದು ಬರೆದುಕೊಂಡ ಪುಸ್ತಕ ತೆರೆದರೆ, ಕೆಳಗಿರಬೇಕಾದ ಪಚ್ಚಿಲೆ (ಹಸಿರು ಚಿಪ್ಪಿನದ್ದು) ಸಿಂಪಿಗಿಂತ ಮೇಲೆ! ಈ ಸಲ ಎರಡೂ ತುದಿ ಒಟ್ಟಿಗೆ ಹಿಡಿದು, ನೀರು ಸಮ ಇದೆ ಅಂತ ನೋಡಿಯೇ ಶುರು ಮಾಡಿದೆ.

ಅಮಾವಾಸ್ಯೆಯ ಮರುದಿನ, ಬೆಳಗಿನ ಇಳಿತಕ್ಕೆ ಹೋದದ್ದು. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ಕಡಲು 10 ಮೀಟರ್ ಏರಿಳಿಯುತ್ತದೆ. ನಮ್ಮ ಮಂಗಳೂರಿನ ಕಡೆ ಒಂದೂವರೆ ಮೀಟರ್ ಸಿಕ್ಕರೆ ಹೆಚ್ಚು. ಅಂದರೆ ಇಡೀ ಕಥೆ ನನ್ನ ಕುತ್ತಿಗೆಯ ಕೆಳಗೇ ಮುಗಿಯುತ್ತದೆ.

ತೀರಾ ಮೇಲೆ, ಅಲೆಯ ಹನಿ ಮಾತ್ರ ತಾಗುವಲ್ಲಿ, ಮೆಣಸಿನ ಕಾಳಿನಷ್ಟು ಚಿಕ್ಕ ಲಿಟೋರಿನಾ ಎಂಬ ಬಸವನಹುಳುಗಳು. ಬಾಗಿಲು ಮುಚ್ಚಿಕೊಂಡು, ಚಿಪ್ಪಿನ ಅಂಚನ್ನು ಲೋಳೆಯಿಂದ ಬಂಡೆಗೆ ಅಂಟಿಸಿ ನೇತಾಡುತ್ತವೆ. ಕಾಲು ಊರಿದರೆ ಕಲ್ಲಿನ ಬಿಸಿ ತಾಗುತ್ತದಲ್ವಾ, ಅದಕ್ಕೆ. ಕೆಳಗೆ ಬಾರ್ನಕಲ್ (ಬಂಡೆಗೆ ಅಂಟಿಕೊಂಡೇ ಬದುಕುವ ಚಿಪ್ಪಿನ ಜೀವಿ), ಆಮೇಲೆ ಬಂಡೆ ಸಿಂಪಿ, ಕೊನೆಗೆ ಪಚ್ಚಿಲೆ. ಪಚ್ಚಿಲೆ ಕೀಳಲು ಬಂದಿದ್ದವರೊಬ್ಬರು ನನ್ನ ಪೈಪ್ ನೋಡಿ ನಕ್ಕರು: "ಮೇಲೆ ಎಂತ ಹುಡುಕುದು ಮಾರಾಯ್ರೆ? ಅದು ನೀರು ಬಿಟ್ಟು ಬರುದಿಲ್ಲ."

ಪ್ರತಿ ಜೀವಿಯ ಮೇಲಿನ ಗಡಿ ಬಿಸಿಲು ಹಾಕಿದ್ದು ಸರಿ. ಕೆಳಗಿನದ್ದು? 1961ರಲ್ಲಿ ಪರಿಸರ ವಿಜ್ಞಾನಿ ಜೋಸೆಫ್ ಕೊನೆಲ್ ಪ್ರಕಟಿಸಿದ ಸ್ಕಾಟ್ಲೆಂಡಿನ ಪ್ರಯೋಗದಲ್ಲಿ ಇದಕ್ಕೆ ಉತ್ತರ ಇದೆ. ಕೆಳಗಿನ ದೊಡ್ಡ ಬಾರ್ನಕಲ್‌ಗಳನ್ನು ಕಿತ್ತು ತೆಗೆದರೆ, ಮೇಲಿನ ಚಿಕ್ಕ ಜಾತಿ ಅಲ್ಲೂ ಆರಾಮಾಗಿ ಬದುಕಿತು. ಅದನ್ನು ತಡೆದಿದ್ದು ಅಕ್ಕಪಕ್ಕದವರ ಒತ್ತುವರಿ.

ನನ್ನ ತಲೆನೋವು ನೆರೈಟ್ ಹುಳು, ಬಂಡೆಯ ಮೇಲೆ ಓಡಾಡುವ ಇನ್ನೊಂದು ಬಸವನಹುಳು. 12 ಹುಳುಗಳ ಬೆನ್ನಿಗೆ ತಂಗಿಯ ಕೆಂಪು ನೈಲ್ ಪಾಲಿಶ್ ಹಚ್ಚಿದ್ದೆ (ಬಾಟಲಿ ಇನ್ನೂ ವಾಪಸ್ ಕೊಟ್ಟಿಲ್ಲ). ಆ ಬೆಳಗ್ಗೆ ಎಲ್ಲವೂ ಒದ್ದೆ ಬಂಡೆಯ ಮೇಲೆ ಹರಡಿ ಮೇಯುತ್ತಿದ್ದವು. ಅಷ್ಟಮಿಯ ದಿನ ಇಳಿತ ಬಿದ್ದದ್ದು ಮಧ್ಯಾಹ್ನ. ಹೋಗಿ ನೋಡಿದರೆ ಬಂಡೆ ಖಾಲಿ. ಬಗ್ಗಿ ಟಾರ್ಚ್ ಹಾಕಿದಾಗ ಒಂದೇ ಬಿರುಕಿನಲ್ಲಿ ಏಳು ಕೆಂಪು ಚುಕ್ಕೆ, ಒಂದರ ಮೇಲೊಂದು. ಉಳಿದ ಐದು ಸಿಗಲಿಲ್ಲ.

ಹಾಗಾಗಿ ನಿಂತಲ್ಲೇ ಇರುವ ಸಿಂಪಿಗೆ ಗೆರೆ ಎಳೆಯಬಹುದು, ನೆರೈಟ್‌ಗೆ ಆಗುವುದಿಲ್ಲ. ಅದರ ಕಾಲಂನಲ್ಲಿ ಇನ್ನು ಮೇಲೆ ಎತ್ತರದ ಜೊತೆ ಗಂಟೆಯನ್ನೂ ಬಿಸಿಲನ್ನೂ ಬರೆಯುತ್ತೇನೆ. ಹುಣ್ಣಿಮೆಗೆ ಮತ್ತೆ ಬೆಳಗ್ಗೆಯೇ ಹೋಗುವುದು. ಈ ಸಲ ಹಸಿರು ಬಣ್ಣ.