ಟ್ರಂಪ್ ಸುಂಕ, ಮೊಜಾಂಬಿಕ್ ತೊಗರಿ ಮತ್ತು ನಮ್ಮ ಕಾಕಾ

ಕಲಬುರಗಿಯ ಕಾಳಿನ ಮಾರುಕಟ್ಟೆ ನೆಹರು ಗಂಜ್‌ನಲ್ಲಿ ಅಡತಿ ಅಂಗಡಿ ಮುಂದೆ ನಿಂತು, ಚಹಾ ಕುಡಿಯುತ್ತಾ, ಅಮೆರಿಕದ ಸುಂಕದ ಬಗ್ಗೆ ಜಗಳ ಆಡುವ ದಿನ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು ಹೇಳಿ. 2025ರ ಆಗಸ್ಟ್ 27ಕ್ಕೆ ನಮ್ಮ ಸರಕಿನ ಮೇಲಿನ ಸುಂಕ ಶೇ 50 ಆಯ್ತು. ಅದರಲ್ಲಿ ಅರ್ಧ, ರಷ್ಯಾದಿಂದ ಎಣ್ಣೆ ಕೊಂಡಿದ್ದಕ್ಕೆ ದಂಡ. ಟಿವಿಯಲ್ಲಿ ಕೂತವರೆಲ್ಲ ಟ್ರಂಪ್‌ಗೆ ಹುಚ್ಚು ಹಿಡಿದಿದೆ ಅಂದರು. ನಮ್ಮ ಕಾಕಾ ಮಾತ್ರ ಬಟ್ಟಲು ಕೆಳಗಿಟ್ಟು ಹೇಳಿದರು: "ಹುಚ್ಚ ಅಲ್ಲೋ ತಮ್ಮಾ. ಅಂವ ತನ್ನ ಮನಿ ನೋಡ್ಕೊಳ್ಳಲತ್ತಾನ. ನಮ್ಮ ಮನಿ ಯಾರು ನೋಡ್ತಾರ, ಅದು ಹೇಳು."

ಕಾಕಾ ಓದಿದ್ದು ನಾಲ್ಕನೇ ಕ್ಲಾಸು. ಎಂಟು ಎಕರೆ ಕಪ್ಪು ಭೂಮಿ, ಮಳೆ ನಂಬಿದ ತೊಗರಿ.

ನನ್ನನ್ನು ಗೆಳೆಯರು ಬಲಪಂಥದವನು ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ. ದೇಶ ಮೊದಲು, ಸರ್ಕಾರ ಸಾಲ ಮಾಡಿ ಹಂಚಬಾರದು, ಇದ್ದದ್ದನ್ನು ಕೆಡವುವ ಮೊದಲು ಹತ್ತು ಸಲ ಯೋಚಿಸಬೇಕು, ನನ್ನದು ಇಷ್ಟೇ. ಟ್ರಂಪ್ ನನಗೆ ಇಷ್ಟ ಅಂತಲ್ಲ, ಬೆಳಿಗ್ಗೆ ಒಂದು ಸಂಜೆ ಒಂದು ಹೇಳುವ ಮನುಷ್ಯನನ್ನು ನಮ್ಮ ಗಂಜ್‌ನಲ್ಲಿ ಯಾರೂ ಉದ್ರಿಗೂ ನಂಬಲ್ಲ. ಆದರೆ ಅಮೆರಿಕ ತನ್ನ ಮೆಕ್ಕೆಜೋಳ, ಸೋಯಾ ಬೆಳೆಯುವವರಿಗೆ ನಮ್ಮ ಮಾರುಕಟ್ಟೆಯ ಬಾಗಿಲು ತೆರೆಸಬೇಕು ಅಂತ ಹಟ ಹಿಡಿದಿದ್ದರಲ್ಲಿ ನನಗೆ ಆಶ್ಚರ್ಯ ಇಲ್ಲ. ಅದು ಅವರ ಕೆಲಸ. ತಡೆಯುವುದು ನಮ್ಮ ಕೆಲಸ. 2025ರ ಆಗಸ್ಟ್ 7ರಂದು ದೆಹಲಿಯಲ್ಲಿ ಮೋದಿಯವರು, ರೈತರ ವಿಷಯದಲ್ಲಿ ರಾಜಿ ಇಲ್ಲ, ಅದಕ್ಕೆ ತಾವು ಬೆಲೆ ತೆರಬೇಕಾದರೂ ಸರಿ ಅನ್ನುವ ಮಾತು ಆಡಿದಾಗ ನಾನು ಕೂತಲ್ಲೇ ಚಪ್ಪಾಳೆ ಹೊಡೆದವನು.

ಹೊಡೆದ ಮೇಲೆ ತೊಗರಿ ನೆನಪಾಯ್ತು.

ನೋಡಿ, ತೊಗರಿ ಹೊರಗಿನಿಂದ ಮಿತಿ ಇಲ್ಲದೆ ಬರೋಕೆ ಶುರುವಾಗಿದ್ದು 2021ರಲ್ಲಿ, ಅದರ ಮೇಲಿನ ಸುಂಕ ತೆಗೆದದ್ದು 2023ರಲ್ಲಿ. ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್, ಹಡಗು ತುಂಬಿ ಬರುತ್ತೆ. ನಮಗೆ ಬೇಕಾದಷ್ಟು ನಾವು ಬೆಳೆಯಲ್ಲ, ಒಪ್ಪುತ್ತೇನೆ. ಬೇಳೆ ಕಿಲೋಗೆ 160 ದಾಟಿದಾಗ ಬೆಂಗಳೂರಿನವರಷ್ಟೇ ಅಲ್ಲ, ನಮ್ಮ ಮನೆಯಲ್ಲೂ ಸಾರು ತೆಳ್ಳಗಾಗಿತ್ತು. (ತೊಗರಿ ಕಣಜ ಅನ್ನಿಸಿಕೊಂಡ ಊರಲ್ಲಿ!) ತಕರಾರು ಇರುವುದು ಹೊತ್ತಿನ ಬಗ್ಗೆ. ಸುಂಕ ವಿನಾಯಿತಿಯನ್ನು 2026ರ ಮಾರ್ಚ್ 31ರವರೆಗೆ ಮುಂದಕ್ಕೆ ಹಾಕಿದ್ದು ಯಾವಾಗ ಗೊತ್ತಾ? 2025ರ ಜನವರಿಯಲ್ಲಿ. ನಮ್ಮಲ್ಲಿ ರಾಶಿ ಇನ್ನೂ ನಡೆಯುತ್ತಿತ್ತು. ಹೊಸ ತೊಗರಿ ಗಂಜ್‌ಗೆ ಬರುವ ತಿಂಗಳಲ್ಲೇ ಹೊರಗಿನವರಿಗೆ ಬಾಗಿಲು ತೆರೆದೇ ಇದೆ ಅಂತ ಸಾರಿದರೆ ರೇಟ್ ನಿಲ್ಲುತ್ತಾ? ಹಳದಿ ಬಟಾಣಿ ಕಥೆಯೂ ಇದೇ. 2023ರ ಡಿಸೆಂಬರ್‌ನಿಂದ ಸುಂಕ ಇಲ್ಲದೆ ಬಂತು, ಕೊನೆಗೆ 2025ರ ನವೆಂಬರ್ 1ರಿಂದ ಶೇ 30 ಹಾಕಿದರು. ಎರಡು ವರ್ಷ ಬೇಕಾಯ್ತು. ನಾನು ಮತ ಹಾಕಿದವರು ಅಂತ ಇದನ್ನು ಬಾಯಿ ಮುಚ್ಚಿಕೊಂಡು ನುಂಗಬೇಕಾ?

ಬೆಂಬಲ ಬೆಲೆ ಇದೆಯಲ್ಲ ಅನ್ನುತ್ತೀರಿ. 2024-25ರ ಹಂಗಾಮಿಗೆ ಕೇಂದ್ರದ 7,550ಕ್ಕೆ ರಾಜ್ಯ 450 ಸೇರಿಸಿ ಕ್ವಿಂಟಲ್‌ಗೆ 8,000 ಅಂತ ಘೋಷಣೆ ಆಯ್ತು, ಖುಷಿ. ಕಾಕಾನ ಜೊತೆ ಖರೀದಿ ಕೇಂದ್ರಕ್ಕೆ ಹೋದವನು ನಾನೇ. ಹೆಸರು ಬರೆಸೋಕೆ ಹೆಬ್ಬೆರಳು ಒತ್ತಿದರೆ ಮೆಷಿನ್ ಒಪ್ಪಲಿಲ್ಲ. ನಲವತ್ತು ವರ್ಷ ಕುಡುಗೋಲು ಹಿಡಿದ ಬೆರಳು, ಗೆರೆ ಎಲ್ಲಿ ಉಳಿದಿರುತ್ತೆ? ಲುಂಗಿಗೆ ಒರೆಸಿ ಒತ್ತಿದರು, ತಲೆಗೆ ತಿಕ್ಕಿ ಎಣ್ಣೆ ಹತ್ತಿಸಿ ಒತ್ತಿದರು. ಐದನೇ ಸಲಕ್ಕೆ ಆಯ್ತು. ಹನ್ನೆರಡು ದಿನ ಬಿಟ್ಟು ಚೀಲ ಒಯ್ದರೆ ತೇವ ಶೇ 13 ತೋರಿಸಿತು. 12 ದಾಟಬಾರದಂತೆ, ಒಣಗಿಸಿ ತನ್ನಿ ಅಂದರು. ಟಂಟಂ ಬಾಡಿಗೆ ಮತ್ತೊಮ್ಮೆ ಯಾರು ಕೊಡಬೇಕು? ಸೀದಾ ಗಂಜ್‌ಗೆ ಬಂದೆವು. ಅಲ್ಲಿ ಸಾಹುಕಾರ ನಾಲ್ಕು ಕಾಳು ಬಾಯಿಗೆ ಹಾಕಿ ಕಟ್ ಅಂತ ಕಡಿದ, ತೇವ ಗೀವ ಏನೂ ಅನ್ನಲಿಲ್ಲ, ಸಾವಿರ ರೂಪಾಯಿ ಕಡಿಮೆ ರೇಟ್ ಹೇಳಿದ. ಅದೇ ದಿನ ರೊಕ್ಕ.

ಮೂವತ್ತು ಕ್ವಿಂಟಲ್‌ಗೆ ಮೂವತ್ತು ಸಾವಿರ ಹೋಯ್ತು. ಚಿಗವ್ವನಿಗೆ ಗೃಹಲಕ್ಷ್ಮಿ ತಿಂಗಳಿಗೆ 2,000, ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರ. ಚಿಗವ್ವ ಆ ದುಡ್ಡನ್ನು ಚೊಲೋ ಕೆಲಸಕ್ಕೇ ಹಾಕುತ್ತಾಳೆ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬೆಳೆಗೆ ಬೆಲೆ ಬಂದಿದ್ದರೆ ರಾಜ್ಯ ಸರ್ಕಾರದ ಈ ಗ್ಯಾರಂಟಿಗಾಗಿ ಖಾತೆ ನೋಡುತ್ತಾ ಕೂರುವ ಮನೆ ಅಲ್ಲ ಅದು.

ಸಾಲದ ಮೇಲೆ ಸರ್ಕಾರ ನಡೆಸಿ, ಇದ್ದದ್ದನ್ನು ಯೋಚಿಸದೆ ಕೆಡವಿದರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಶ್ರೀಲಂಕಾ ಪದೇ ಪದೇ ನೆನಪಾಗುತ್ತೆ. 2021ರಲ್ಲಿ ಅಲ್ಲಿನ ಅಧ್ಯಕ್ಷ ಗೋಟಬಯ ರಾಜಪಕ್ಸ ರಾಸಾಯನಿಕ ಗೊಬ್ಬರ ಬಂದ್ ಮಾಡಿದರು, ಇಡೀ ದೇಶಕ್ಕೆ ಒಂದೇ ಏಟಿಗೆ. ಭತ್ತ ಕುಸಿಯಿತು, ಚಹಾ ತೋಟದವರು ಅತ್ತರು, ಅದೇ ವರ್ಷ ನವೆಂಬರ್‌ನಲ್ಲಿ ಹಿಂದೆ ಸರಿದರು. ಮೊದಲೇ ತೆರಿಗೆ ಕಡಿಮೆ ಮಾಡಿ, ಸಾಲ ಏರಿಸಿಕೊಂಡಿದ್ದ ದೇಶ. 2022ರ ಜುಲೈನಲ್ಲಿ ಜನ ಅಧ್ಯಕ್ಷರ ಮನೆಗೇ ನುಗ್ಗಿದರು. ನಮ್ಮಲ್ಲಿ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿದಾಗ ಎಲ್ಲರೂ ಹೊಸ ತಳಿ ಹಾಕು ಅಂತ ಕಾಕಾನಿಗೆ ಹೇಳಿದ್ದರು. ಕಾಕಾ ಮೊದಲ ವರ್ಷ ಬದುವಿನ ಪಕ್ಕ ನಾಲ್ಕೇ ಸಾಲು ಜಿಆರ್‌ಜಿ-811 ಅನ್ನುವ ಆ ಹೊಸ ತಳಿ ಹಾಕಿದರು. ಉಳಿದದ್ದಕ್ಕೆ ಹಳೆ ಬೀಜ. ಆ ನಾಲ್ಕು ಸಾಲು ನಿಂತದ್ದು ನೋಡಿ ಮರುವರ್ಷ ಮೂರು ಎಕರೆ. ಕೊಲಂಬೊದಲ್ಲಿ ಇಂಥ ಒಬ್ಬ ಮುದುಕ ಸಲಹೆಗಾರ ಇರಲಿಲ್ಲ ಅಷ್ಟೇ.

ಕಾಕಾನ ಮನೆ ಮೂಲೆಯಲ್ಲಿ ಇನ್ನೂ ಆರು ಚೀಲ ಇವೆ. ರೇಟ್ ಏರಲಿ ಅಂತ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಫೋನ್ ಮಾಡಿ ಗಂಜ್ ರೇಟ್ ಕೇಳುತ್ತಾರೆ. ನಿನ್ನೆ ರೇಟ್ ಹೇಳಿದ ಮೇಲೂ ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು, "ಅಲ್ಲೋ ತಮ್ಮಾ, ಆ ಮೊಜಾಂಬಿಕ್‌ದಾಗ ಈ ಸಲ ಮಳಿ ಹ್ಯಾಂಗ ಅದ, ನಿನ್ನ ಮೊಬೈಲ್‌ದಾಗ ನೋಡಿ ಹೇಳು" ಅಂದರು.