ಕರೆದ ಕೂಡಲೇ ಏಳಬಹುದಾದ ಕೆಲಸ, ಏಳಬಾರದ ಕೆಲಸ

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಚಿತ್ರ ಕೆಡುವುದು ಹೆಚ್ಚಾಗಿ ನಡುವೆ ಎದ್ದು ಹೋದಾಗ. ಬೆಳಿಗ್ಗೆ ಎಂಟೂವರೆಗೆ ವ್ಯಾನ್ ಹೋದರೆ ಸಂಜೆ ನಾಲ್ಕರವರೆಗೆ ಲೆಕ್ಕಕ್ಕೆ ಏಳೂವರೆ ಗಂಟೆ ಇದೆ. ಪಾತ್ರೆ, ಬಟ್ಟೆ, ನೀರು ಬಿಡುವ ಹೊತ್ತು, ಬಾಗಿಲು ತಟ್ಟುವವರು ಎಲ್ಲ ಕಳೆದು ಕೈಗೆ ಸಿಗುವುದು ಎರಡು ಗಂಟೆ ಅಂದುಕೊಳ್ಳಿ. ಆ ಎರಡು ಗಂಟೆಯಲ್ಲಿ ಪೆನ್ಸಿಲ್ ಸ್ಕೆಚ್ ತಿದ್ದುತ್ತಾ ಕೂತರೆ ದಂಡ. ಅದನ್ನು ಮಕ್ಕಳು ಹೋಂವರ್ಕ್ ಮಾಡುವಾಗ ಅದೇ ಮೇಜಿನ ಮೂಲೆಯಲ್ಲಿ ಮಾಡಬಹುದು. ಸ್ಕೆಚ್ ಟ್ರೇಸ್ ಮಾಡುವುದು, ಹಾಳೆಯ ಅಂಚಿಗೆ ಟೇಪ್ ಹಚ್ಚುವುದು, ಕ್ಯಾನ್ವಾಸಿಗೆ ಜೆಸ್ಸೊ (ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಲೇಪ) ಬಳಿಯುವುದು, ಬಣ್ಣ ಬೆರೆಸಿ ನೋಡುವುದು ಎಲ್ಲವೂ ಈ ಜಾತಿಯವು. ಹತ್ತು ಸಲ ಎದ್ದು ಹೋದರೂ ಕೆಡುವುದಿಲ್ಲ.

ಕೆಡುವುದು ಜಲವರ್ಣದ ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣವನ್ನು ಅಗಲ ಜಾಗಕ್ಕೆ ಒಂದೇ ಸಮ ಹಾಸುವುದು. 300 ಜಿಎಸ್ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆಯ ಮೇಲೆ ಆಕಾಶ ಹಾಸುತ್ತಿದ್ದೀರಿ, ಬಣ್ಣದ ಒದ್ದೆ ಅಂಚು ಅರ್ಧಕ್ಕೆ ಬಂದಿದೆ, ಆಗ 'ಅಮ್ಮಾ, ಶಾರ್ಪನರ್ ಎಲ್ಲಿ?' ಎದ್ದು ಹೋಗಿ ಐದು ನಿಮಿಷಕ್ಕೆ ಬಂದರೆ ಅಂಚು ಒಣಗಿ ಗೆರೆ ಕೂತಿರುತ್ತದೆ. ಅರೆ ಒಣಗಿದ ಜಾಗಕ್ಕೆ ಮತ್ತೆ ಒದ್ದೆ ಬ್ರಷ್ ಮುಟ್ಟಿಸಿದರಂತೂ ನೀರು ಒಳಗಿನ ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಕಲೆ ಬೀಳುತ್ತದೆ. ಏಳಲೇಬೇಕಾದರೆ ದಾರಿ ಎರಡೇ: ಅರ್ಧ ನಿಮಿಷದಲ್ಲಿ ಬಣ್ಣವನ್ನು ಯಾವುದಾದರೂ ಗಡಿಯವರೆಗೆ, ಅಂದರೆ ಬೆಟ್ಟದ ಸಾಲಿಗೋ ಮಾಡಿನ ಅಂಚಿಗೋ, ಎಳೆದು ಮುಗಿಸುವುದು. ಅದಾಗದಿದ್ದರೆ ಒದ್ದೆ ಸ್ಪಂಜಿನಿಂದ ಪೂರ್ತಿ ಎತ್ತಿಬಿಟ್ಟು, ಹಾಳೆ ಒಣಗಿದ ಮೇಲೆ ಹೊಸದಾಗಿ ಹಾಕುವುದು. ನಡುವೆ ಬಿಟ್ಟು ಆಮೇಲೆ ರಿಪೇರಿ ಮಾಡೋಣ ಎಂಬ ಮೂರನೇ ದಾರಿ ಇಲ್ಲ. ಆದ್ದರಿಂದ ವಾಶ್ ಏನಿದ್ದರೂ ಶಾಲೆಯ ಹೊತ್ತಿಗೆ. ಎ3 ಹಾಳೆಯ ಆಕಾಶಕ್ಕೆ ನಾಲ್ಕು ಟೀ ಚಮಚದಷ್ಟು ಬಣ್ಣದ ನೀರನ್ನು ಮೊದಲೇ ಬೆರೆಸಿಡಿ. ಮಧ್ಯದಲ್ಲಿ ಬಣ್ಣ ಮುಗಿಯುವುದೂ ಎದ್ದು ಹೋದಷ್ಟೇ ಅಪಾಯ. ಮಾರ್ಚ್, ಏಪ್ರಿಲ್‌ನ ತುಮಕೂರು ಬಿಸಿಲಿಗೆ ಫ್ಯಾನ್ ನಿಲ್ಲಿಸಿ, ಹಾಳೆಯ ಹಿಂಬದಿಯನ್ನೂ ಒದ್ದೆ ಮಾಡಿಕೊಂಡರೆ ಒಂದಷ್ಟು ನಿಮಿಷ ಹೆಚ್ಚು ಸಿಗುತ್ತದೆ. ಬೋರ್ ನೀರು ಗಡಸಾಗಿದ್ದರೆ ಕಡು ಬಣ್ಣ ಒಣಗಿದ ಮೇಲೆ ಬಿಳಿಚಿಕೊಂಡ ಪುಡಿ ಕಾಣಿಸುತ್ತದೆ, ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ.

ಕರೆದ ಕೂಡಲೇ ಓಡುವವರು ಮಾಡುವ ಇನ್ನೊಂದು ಕೆಲಸ, ಬ್ರಷ್ಷನ್ನು ನೀರಿನ ಡಬ್ಬಿಯಲ್ಲಿ ತಲೆಕೆಳಗಾಗಿ ಬಿಟ್ಟು ಹೋಗುವುದು. ತುದಿ ಸೊಟ್ಟಗಾಗುತ್ತದೆ. ಲೋಹದ ಕೊಳವೆಯೊಳಗೆ ನೀರು ಸೇರಿ ಹಿಡಿಕೆಯ ಮರ ಊದಿಕೊಳ್ಳುತ್ತದೆ, ಮೇಲಿನ ಪೇಂಟ್ ಬಿರುಕು ಬಿಡುತ್ತದೆ, ಕೊನೆಗೆ ತಲೆ ಅಲ್ಲಾಡಲು ಶುರು. ಪಕ್ಕದಲ್ಲಿ ಮಡಿಸಿದ ಹಳೇ ಪಂಚೆ ಬಟ್ಟೆ ಇಟ್ಟುಕೊಂಡು ಅದರ ಮೇಲೆ ಮಲಗಿಸಿ ಏಳಿ. ಸೊಟ್ಟಗಾದ ಸಿಂಥೆಟಿಕ್ ಬ್ರಷ್ಷಿನ ತುದಿಯನ್ನು ಬಿಸಿ ನೀರಿನಲ್ಲಿ (ಕುದಿಯುವುದಲ್ಲ) ಅದ್ದಿ, ಸೋಪು ಸವರಿ ಬೆರಳಿನಿಂದ ಚೂಪು ಮಾಡಿ ಒಣಗಲು ಬಿಟ್ಟರೆ ಬಹಳಷ್ಟು ಸರಿಹೋಗುತ್ತದೆ. ಡಬ್ಬಿ ಅಗಲ ತಳದ್ದಾಗಿರಲಿ. ಉದ್ದನೆ ಲೋಟ ಒಂದಲ್ಲ ಒಂದು ದಿನ ಗಣಿತದ ನೋಟ್‌ಬುಕ್ಕಿನ ಮೇಲೆ ಉರುಳುತ್ತದೆ.

ಅಕ್ರಿಲಿಕ್ ಬಳಸುವವರ ತಲೆನೋವು ಪ್ಯಾಲೆಟ್ ಮೇಲೆಯೇ ಬಣ್ಣ ಒಣಗುವುದು. ಗಾಳಿಯಾಡದ ಮುಚ್ಚಳವಿರುವ ಚಪ್ಪಟೆ ಪ್ಲಾಸ್ಟಿಕ್ ಊಟದ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಎರಡು ಪದರ ಅಡುಗೆಮನೆ ಟಿಶ್ಯೂ ಹಾಸಿ ನೆನೆಸಿ, ಹೆಚ್ಚಿನ ನೀರು ಬಗ್ಗಿಸಿ, ಮೇಲೆ ಬೇಕಿಂಗ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಹಿಂಡಿ. ಮುಚ್ಚಿಟ್ಟರೆ ಎರಡು ಮೂರು ದಿನ ಆರಾಮಾಗಿ ಹಸಿಯಾಗಿರುತ್ತದೆ. ನೀರು ಜಾಸ್ತಿಯಾದರೆ ಬಣ್ಣ ಹರಡಿ ಒಂದಕ್ಕೊಂದು ಸೇರಿಕೊಳ್ಳುತ್ತದೆ. ವಾರ ಬಿಟ್ಟರೆ ಬೂಸ್ಟು, ವಾಸನೆ. ಎದ್ದು ಹೋಗುವವರಿಗೆ ಒಂದು ಲೆಕ್ಕದಲ್ಲಿ ತೈಲವರ್ಣ ಎಲ್ಲಕ್ಕಿಂತ ವಾಸಿ, ಗಂಟೆಗಟ್ಟಲೆ ಒಣಗುವುದೇ ಇಲ್ಲ. ಆದರೆ ಮನೆ ತುಂಬ ಟರ್ಪೆಂಟೈನ್ ಆವಿ, ಜೊತೆಗೆ ಲಿನ್ಸೀಡ್ (ಅಗಸೆ) ಎಣ್ಣೆ ಹೀರಿದ ಬಟ್ಟೆಯನ್ನು ಮುದುರಿ ಎಸೆದರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ಸಾಧ್ಯತೆ. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಸಣ್ಣ ಮಕ್ಕಳಿರುವ ಮನೆಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮಕ್ಕಳು ಮಲಗಿದ ಮೇಲೆ ಬಣ್ಣ ಬೆರೆಸಬೇಡಿ, ಹಳದಿ ಬಲ್ಬಿನ ಕೆಳಗೆ ಸರಿ ಕಂಡ ಹಸಿರು ಬೆಳಿಗ್ಗೆ ಬೇರೆಯೇ ಇರುತ್ತದೆ. ಬೆರೆಸಲೇಬೇಕಿದ್ದರೆ 5000ರಿಂದ 6500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ), ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90 ದಾಟಿದ ಎಲ್‌ಇಡಿ ಹಾಕಿಸಿ. ಇಲ್ಲವಾದರೆ ರಾತ್ರಿ ಶಾಯಿ, ಇದ್ದಿಲು, ನೆರಳು ಬೆಳಕಿನ ಅಭ್ಯಾಸ.

ಮಕ್ಕಳಿಗೆ ಅವರದ್ದೇ ಸೆಟ್ ಬೇಕು. ಪೋಸ್ಟರ್ ಕಲರ್, ಆರು ಮತ್ತು ಹತ್ತನೇ ನಂಬರಿನ ಸಿಂಥೆಟಿಕ್ ಬ್ರಷ್ ಸಾಕು. ನಿಮ್ಮದನ್ನು ಕೊಟ್ಟರೆ ಅವರು ಪೊರಕೆ ಹಿಡಿದ ಹಾಗೆ ಉಜ್ಜುತ್ತಾರೆ, ತಪ್ಪು ಅವರದ್ದಲ್ಲ. ರಾತ್ರಿ ಒಂಬತ್ತಕ್ಕೆ 'ನಾಳೆ ಪ್ರಾಜೆಕ್ಟ್ ಕೊಡಬೇಕಂತೆ' ಎಂಬ ಘೋಷಣೆ ಬರುತ್ತದೆ, ಆಗ ಎಂ.ಜಿ. ರೋಡಿಗೆ ಓಡಲಾಗದು. ನಾಲ್ಕು ಚಾರ್ಟ್ ಶೀಟ್, ಒಂದು ಥರ್ಮೋಕೋಲ್, ಫೆವಿಕಾಲ್, ಕಪ್ಪು ಮಾರ್ಕರ್ ಬೀರುವಿನಲ್ಲಿ ಸದಾ ಇರಲಿ. ಅಪ್ಪ ಅಮ್ಮ ಚಿತ್ರ ಬರೆಯುತ್ತಾರೆಂದು ಗೊತ್ತಾದರೆ ಇಡೀ ತರಗತಿಯ ಚಾರ್ಟ್ ನಿಮ್ಮ ಮನೆಗೇ ಬರುತ್ತದೆ. ವರ್ಷಕ್ಕೆ ಒಂದು ಒಪ್ಪಿಕೊಳ್ಳಿ, ಉಳಿದದ್ದಕ್ಕೆ ಬೇಡ ಎನ್ನಿ.

ದೊಡ್ಡ ಚಿತ್ರ ಹಿಡಿಯುವ ಮುನ್ನ ಶಾಲೆಯ ಕ್ಯಾಲೆಂಡರ್ ನೋಡಿ. ರಾಜ್ಯ ಪಠ್ಯಕ್ರಮದಲ್ಲಿ ನಾಲ್ಕು ಎಫ್‌ಎ (ನಡುನಡುವಿನ ಕಿರು ಪರೀಕ್ಷೆ), ಎರಡು ಎಸ್‌ಎ (ದೊಡ್ಡ ಪರೀಕ್ಷೆ). ಪರೀಕ್ಷೆಯ ವಾರ ಸ್ಕೆಚ್ ಬುಕ್ ಸಾಕು. ಕಲಾವಿದರು ಬೀದಿಯಲ್ಲೇ ಚಿತ್ರ ಮಾರುವ ಜನವರಿಯ ಬೆಂಗಳೂರು ಚಿತ್ರಸಂತೆಗೆ ಸಿದ್ಧವಾಗುವವರು ದಸರಾ ರಜೆಯನ್ನು ನಂಬಿಕೊಳ್ಳಬೇಡಿ. ರಜೆಯೆಂದರೆ ಮಕ್ಕಳು ದಿನವಿಡೀ ಮನೆಯಲ್ಲಿ. ಆಗಸ್ಟ್‌ನಲ್ಲೇ ದೊಡ್ಡವನ್ನು ಮುಗಿಸಿ, ನವೆಂಬರ್ ಹೊತ್ತಿಗೆ ಫ್ರೇಮಿಗೆ ಕೊಡುವ ಹಾಗಿರಲಿ.

ಭಾನುವಾರ ತುಮಕೂರಿನ ಹತ್ತಿರದ ದೇವರಾಯನದುರ್ಗದ ಬೆಟ್ಟಕ್ಕೋ ಜಿಂಕೆವನವಿರುವ ನಾಮದ ಚಿಲುಮೆಗೋ ಅವರನ್ನೂ ಕರೆದುಕೊಂಡು ಹೋಗುವುದಾದರೆ ಎ5 ಪುಸ್ತಕ, ನೀರು ತುಂಬುವ ಬ್ರಷ್, ಆರು ಬಣ್ಣದ ಡಬ್ಬಿ ಸಾಕು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಮಕ್ಕಳು ಕೂರುವುದಿಲ್ಲ. ಚಿಲುಮೆಯ ಜಿಂಕೆಗಳನ್ನು ಎರಡೆರಡು ನಿಮಿಷಕ್ಕೆ ಬರೆಯುವ ಪಂದ್ಯ ಕಟ್ಟಿದರೆ ಅವರೂ ಬರೆಯುತ್ತಾರೆ, ನಿಮಗೂ ಅಭ್ಯಾಸವಾಗುತ್ತದೆ. ತಿಂಡಿ ಮಾತ್ರ ಬಣ್ಣದ ಚೀಲದಲ್ಲಿ ಇಡಬೇಡಿ, ಬೆಟ್ಟದ ಮೇಲಿನ ಕೋತಿಗಳು ಚೀಲ ಸಮೇತ ಎತ್ತಿಕೊಂಡು ಹೋಗುತ್ತವೆ.